ಎರಡು ಪಾಯಿಂಟ್ ಏಳು

ಮೂರನೆಯ ಗುಂಡಿ ಹೋಗಲೊಲ್ಲದು. ಮೊದಲ ಎರಡು ಹೇಗೋ ತೂರಿಕೊಂಡಿದ್ದವು. ಮೂರನೆಯದು ಕಾಜಾದ ಬಾಯಿಯವರೆಗೆ ಬಂದು, ಇನ್ನೇನು ಒಳಗಾಯಿತು ಅನ್ನುವಷ್ಟರಲ್ಲಿ ಬೆರಳಿನಿಂದ ಜಾರಿ, ಮತ್ತೆ ಹೊರಗೆ ನಿಂತು ಅವನನ್ನೇ ನೋಡುತ್ತಿತ್ತು. ಕೈ ನಡುಗುವುದು ಸೆಕೆಂಡಿಗೆ ಐದು ಸಲ. ಅದು ಅವನಿಗೆ ಅಂದಾಜಿನಿಂದ ಗೊತ್ತಿದ್ದದ್ದಲ್ಲ, ಅಳೆದು ಗೊತ್ತಿದ್ದದ್ದು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಬಲ ಅಳೆಯುವ ಬ್ಯಾಲೆನ್ಸಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಪರದೆ ನೋಡಿದ್ದ. ಹಸಿರು ಗೆರೆ ಚೆಂದವಾಗಿ, ಶಾಲೆಯ ಹುಡುಗ ಬರೆದ ಅಲೆಯ ಹಾಗೆ, ಮೇಲೆ ಕೆಳಗೆ, ಮೇಲೆ ಕೆಳಗೆ. ಸೆಕೆಂಡಿಗೆ ಐದು ಸಲ, ಅರ್ಧ ನ್ಯೂಟನ್ ಅಷ್ಟು. ನಲವತ್ತು ವರ್ಷದಿಂದ ಎಷ್ಟೋ ಮಾದರಿಗಳ ಅದುರಾಟ ಅಳೆದವನು ತನ್ನದನ್ನೂ ಅಳೆದುಕೊಂಡು, ಪರದೆ ಆರಿಸಿ, ಕೈ ತೊಳೆದುಕೊಂಡು ಊಟಕ್ಕೆ ಹೋಗಿದ್ದ.

"ಒಂದು ಅಂಗಿ ಹಾಕ್ಕೊಳ್ಳೋಕೆ ಅರ್ಧ ಗಂಟೆನಾ? ಮದುವೆ ದಿನಾನೂ ಇಷ್ಟು ಹೊತ್ತು ತಗೊಂಡಿರ್ಲಿಲ್ಲ ನೀವು," ಎನ್ನುತ್ತ ಹೆಂಡತಿ ಬಂದಳು. ಬಂದವಳು ಅವನ ಕೈಯ ಕಡೆ ನೋಡಲಿಲ್ಲ. ಗೋಡೆಯ ಗಡಿಯಾರದ ಕಡೆ ನೋಡುತ್ತಲೇ ಮೂರನೆಯದು, ನಾಲ್ಕನೆಯದು, ಐದನೆಯದು ಎಂದು ಪಟಪಟನೆ ಹಾಕಿ, ಕಾಲರ್ ಎಳೆದು ಬಿಟ್ಟಳು. "ಇವತ್ತೇನೋ ಮೀಟಿಂಗು ಅಂದ್ರಲ್ಲ. ಬಾಯಿ ಬಿಟ್ಟು ಮಾತಾಡಿ. ಅಲ್ಲಿ ಹೋಗಿ ಕಂಬದ ಹಾಗೆ ನಿಂತ್ಕೋಬೇಡಿ."

"ಮಾತಾಡೋದಿದೆ ಇವತ್ತು," ಎಂದ.

"ಅಬ್ಬಾ," ಎಂದಳು ಅವಳು. ಅವಳು ಕೈಯ ಕಡೆ ನೋಡದೇ ಇದ್ದದ್ದು ಅವನಿಗೆ ಮೆಟ್ಟಿಲು ಇಳಿಯುವಾಗ ಹೊಳೆಯಿತು. ನೋಡದೇ ಇರುವುದಕ್ಕೂ ಗೊತ್ತಿರಬೇಕಲ್ಲ ಅನ್ನಿಸಿ ಒಂದು ಮೆಟ್ಟಿಲು ತಪ್ಪಿದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಹಾಗೆ ಕೂತರೆ ಚಳಿಗೆ ಕೂತವನ ಹಾಗೆ ಕಾಣುತ್ತದೆ, ಯಾರೂ ಏನೂ ಕೇಳುವುದಿಲ್ಲ. ಹೇಳಬೇಕಾದ ಮಾತು ಏಳು ತಿಂಗಳಿಂದ ಬಾಯಲ್ಲಿ ಇದ್ದು ಇದ್ದು ನುಣ್ಣಗಾಗಿತ್ತು. ಆ ರೀಡಿಂಗ್ ನಾನು ಅಳೆಯಲಿಲ್ಲ ಸಾರ್. ಹಳೇ ಕೊಳವೆಯ ಅಂಕಿಯನ್ನೇ ಬರೆದುಕೊಟ್ಟೆ. ತಪ್ಪು ನಂದು, ಡಾಕ್ಟರಮ್ಮಂದಲ್ಲ. ಇಷ್ಟೇ. ಮೂರು ವಾಕ್ಯ. ಹೇಳಿದ ಮೇಲೆ ಒಂದು ಗಳಿಗೆ ಎಲ್ಲರೂ ಸುಮ್ಮನಾಗುತ್ತಾರೆ. ಡಾಕ್ಟರಮ್ಮ ತಲೆಯೆತ್ತಿ ನೋಡುತ್ತಾಳೆ. ಅವಳ ಕಣ್ಣಲ್ಲಿ ನೀರು ಇರಬಹುದು. ಅದನ್ನು ನೆನೆಸಿಕೊಂಡರೆ ಅವನಿಗೆ ಎದೆಯಲ್ಲಿ ಬೆಚ್ಚಗಾಗುತ್ತಿತ್ತು. ಆ ಬೆಚ್ಚಗಿನದು ಸ್ವಲ್ಪ ಹೆಚ್ಚೇ ಆಯಿತೇನೋ ಎಂದು ನಾಚಿಕೆಯೂ ಆಗುತ್ತಿತ್ತು. ಮುಂದಿನ ಸೀಟಿನ ಮಗು ಹಿಂದಕ್ಕೆ ತಿರುಗಿ ಅವನನ್ನೇ ನೋಡುತ್ತಿತ್ತು. ಅವನ ಮೊಣಕೈ ನಡುಗುತ್ತಿದ್ದದ್ದನ್ನು ನೋಡಿ ಅದೂ ತನ್ನ ಮೊಣಕೈ ಅಲ್ಲಾಡಿಸಿ ನಕ್ಕಿತು.

ಅವನನ್ನು ಎಲ್ಲರೂ ತಕ್ಕಡಿ ಎನ್ನುತ್ತಿದ್ದರು. ಎದುರಿಗೆ ತಕ್ಕಡಿ ಸಾರ್, ಬೆನ್ನ ಹಿಂದೆ ಬರೀ ತಕ್ಕಡಿ. ಶಬ್ದಕ್ಕಿಂತ ಏಳು ಪಟ್ಟು ಎಂಟು ಪಟ್ಟು ವೇಗವಾಗಿ ಗಾಳಿ ಬೀಸುವ ಆ ದೊಡ್ಡ ಉಕ್ಕಿನ ಸುರಂಗದಲ್ಲಿ, ಮೊಳದುದ್ದದ ಮಾದರಿಯೊಂದನ್ನು ಹಿಂದಿನಿಂದ ದಂಡವೊಂದು ಹಿಡಿದು ನಿಂತಿರುತ್ತದೆ. ಮಾದರಿಯ ಹೊಟ್ಟೆಯೊಳಗೆ, ಹೆಬ್ಬೆರಳಿಗಿಂತ ತುಸು ದಪ್ಪನೆಯ ಒಂದು ಉಕ್ಕಿನ ತುಂಡು. ಅದೇ ಬ್ಯಾಲೆನ್ಸು. ಗಾಳಿ ಯಾವ ಕಡೆಯಿಂದ ಎಷ್ಟು ತಳ್ಳಿತು ಎಂದು ಹೇಳುವುದು ಅದೊಂದೇ. ಅದಕ್ಕೆ ಸುಳ್ಳು ಹೇಳದ ಹಾಗೆ ಪಾಠ ಹೇಳುವವನು ಇವನು. ಬೆಳಿಗ್ಗೆಯಿಂದ ಸಂಜೆಯವರೆಗೆ ಸಣ್ಣ ಸಣ್ಣ ತೂಕ ನೇತುಹಾಕು, ಬರೆದುಕೋ, ತೆಗೆ, ಮತ್ತೆ ನೇತುಹಾಕು. ಕಾಲೇಜಿನ ಮುಖ ನೋಡಿದವನಲ್ಲ. ಆದರೆ ಡಿಗ್ರಿ ಹೊತ್ತು ಬಂದವರೆಲ್ಲ, ಸಾರ್ ಸ್ವಲ್ಪ ನೋಡಿ ಕೊಡಿ, ಎಂದು ಅವನ ಕೋಣೆಯ ಬಾಗಿಲಲ್ಲಿ ನಿಲ್ಲಬೇಕಾಗಿತ್ತು. ಆ ಕೋಣೆ ಅವನದು. ಇನ್ನು ಹನ್ನೊಂದು ತಿಂಗಳು, ನಿವೃತ್ತಿಯವರೆಗೆ, ಅವನದು.

ಡಾಕ್ಟರಮ್ಮ ನಾಲ್ಕು ವರ್ಷದ ಹಿಂದೆ ಬಂದವಳು. ಬಂದ ಮೊದಲ ದಿನವೇ ಕಂಪ್ರೆಸರ್ ನಡೆಸುವ ಗಾಳಿಯಣ್ಣ ಅವಳ ಹೆಸರಿನ ಮುಂದೆ ಡಾಕ್ಟರ್ ಎಂದು ಇದ್ದದ್ದನ್ನು ನೋಡಿ, "ಅಮ್ಮಾ, ನಂಗೆ ಎರಡು ವಾರದಿಂದ ಕೆಮ್ಮು," ಎಂದು ನಾಲಿಗೆ ಚಾಚಿ ತೋರಿಸಿದ್ದ. ಅವಳು ಗಂಭೀರವಾಗಿ ನೋಡಿ, "ಬೀಡಿ ಬಿಡಿ, ಬಿಸಿ ನೀರು ಕುಡೀರಿ," ಎಂದಿದ್ದಳು. ಅಂದಿನಿಂದ ಅವಳು ಡಾಕ್ಟರಮ್ಮ. ನಾಲ್ಕು ವರ್ಷವೂ ತಾತ್ಕಾಲಿಕ. ಪ್ರತಿ ವರ್ಷದ ಕೊನೆಗೆ ಒಂದು ಕಾಗದ ಬರುತ್ತಿತ್ತು, ಇನ್ನೊಂದು ವರ್ಷ ಇರಬಹುದು ಎಂದು. ಈ ಸಲ ಹಾಗಲ್ಲ. ಖಾಯಂ ಮಾಡಬೇಕು, ಇಲ್ಲವೇ ಕಳಿಸಬೇಕು. ಅದು ತೀರ್ಮಾನವಾಗುವುದು ಇವತ್ತಿನ ಮೀಟಿಂಗಿನಲ್ಲಿ, ಅವಳು ಅಳೆದ ಒಂದು ಅಂಕಿಯ ಮೇಲೆ.

ಆ ಅಂಕಿಯ ಕತೆ ಇಷ್ಟು. ಮಾದರಿಯ ಪಕ್ಕೆಯಲ್ಲಿ ಒಂದು ಸಣ್ಣ ತೂತು. ಅದರಿಂದ ಜೋರಾಗಿ ಗಾಳಿ ಚಿಮ್ಮುತ್ತದೆ, ಆ ಚಿಮ್ಮುವ ಗಾಳಿಗೆ, ಅಂದರೆ ಜೆಟ್ಟಿಗೆ, ಮಾದರಿ ಪಕ್ಕಕ್ಕೆ ಸರಿಯಬೇಕು. ಅಷ್ಟು ಎತ್ತರದಲ್ಲಿ, ಅಷ್ಟು ವೇಗದಲ್ಲಿ ಹೋಗುವ ವಾಹನ ದಿಕ್ಕು ಬದಲಿಸುವುದು ಹಾಗೆಯೇ. ನಿಂತ ಗಾಳಿಯಲ್ಲಿ ಆ ಜೆಟ್ಟಿನ ತಳ್ಳು ಇಪ್ಪತ್ತು ನ್ಯೂಟನ್. ಅದನ್ನು ಬೇರೆ ಸ್ಟ್ಯಾಂಡಿನ ಮೇಲೆ ಮೊದಲೇ ಅಳೆದಿದ್ದರು. ಆದರೆ ಎದುರಿನಿಂದ ಅಂಥ ಬಿರುಗಾಳಿ ಬೀಸುವಾಗ? ಜೆಟ್ಟಿನ ಮುಂದೆ ಗಾಳಿ ಗೋಡೆಗೆ ಬಡಿದ ಹಾಗೆ ಗುಡ್ಡೆಯಾಗುತ್ತದೆ, ಅದು ಜೆಟ್ಟಿಗೆ ಸಹಾಯ. ಹಿಂದೆ ಗಾಳಿಯೇ ಇಲ್ಲದ ಒಂದು ಪೊಳ್ಳು ಆಗುತ್ತದೆ, ಅದು ಹೀರಿ ಎಳೆಯುತ್ತದೆ, ಅದು ನಷ್ಟ. ಎರಡರಲ್ಲಿ ಯಾವುದು ಗೆಲ್ಲುತ್ತದೆ? ಬಿರುಗಾಳಿ ಜೆಟ್ಟಿಗೆ ಕೈ ಹಿಡಿದು ಎತ್ತುತ್ತದೋ, ಅದರ ಬಾಯಿಂದ ಕಿತ್ತು ತಿನ್ನುತ್ತದೋ? ಅದನ್ನು ಹೇಳುವುದಷ್ಟೇ ಅವಳ ಕೆಲಸ.

ತೊಡಕಿದ್ದದ್ದು ಕೊಳವೆಯಲ್ಲಿ. ಜೆಟ್ಟಿಗೆ ಗಾಳಿ ತರುವ ಸಣ್ಣ ಉಕ್ಕಿನ ಕೊಳವೆ ಬ್ಯಾಲೆನ್ಸಿನ ಪಕ್ಕದಲ್ಲೇ ಬಾಗಿ ಹೋಗುತ್ತದೆ. ಒಳಗೆ ಒತ್ತಡ ಏರಿದಾಗ ಬಾಗಿದ ಕೊಳವೆ ನೆಟ್ಟಗಾಗಲು ನೋಡುತ್ತದೆ, ಮಲಗಿದವನು ಮೈಮುರಿಯುವ ಹಾಗೆ. ಆ ಮೈಮುರಿತವೂ ಬ್ಯಾಲೆನ್ಸಿನ ಮೇಲೆ ಬೀಳುತ್ತದೆ. ಅದಕ್ಕೇ ಮೊದಲು ಜೆಟ್ಟಿನ ತೂತಿಗೆ ಒಂದು ಬಿರಡೆ ಸ್ಕ್ರೂ ಹಾಕಿ ಬಾಯಿ ಮುಚ್ಚಬೇಕು, ಕೊಳವೆಗೆ ಒತ್ತಡ ಕೊಡಬೇಕು, ಬ್ಯಾಲೆನ್ಸು ಏನು ಹೇಳುತ್ತದೆ ನೋಡಬೇಕು. ಜೆಟ್ಟಿಲ್ಲ, ಗಾಳಿಯಿಲ್ಲ, ಆದರೂ ಬಂದ ಅಂಕಿ ಕೊಳವೆಯದು. ಅದನ್ನು ಕಳೆದರೆ ಉಳಿದದ್ದು ನಿಜ. ಮುಚ್ಚಿದ ರನ್ ಎನ್ನುತ್ತಿದ್ದರು ಅದಕ್ಕೆ. ಮಾಡುವುದು ತಕ್ಕಡಿಯ ಕೆಲಸ.

ಏಳು ತಿಂಗಳ ಹಿಂದೆ ಹಳೇ ಕೊಳವೆ ಬಿರುಕು ಬಿಟ್ಟಿತು. ಹೊಸದನ್ನು ತಕ್ಕಡಿಯೇ ಬಗ್ಗಿಸಿದ, ಹದಿನೈದು ವರ್ಷದ ಹಿಂದೆ ತಾನೇ ಕೆತ್ತಿದ್ದ ಅದೇ ಮರದ ಅಚ್ಚಿನ ಮೇಲೆ. ತೋಳಿನ ಕೆಲಸ ಅದು, ತೋಳು ಇನ್ನೂ ಗಟ್ಟಿಯಿತ್ತು. ಆಮೇಲೆ ಬಿರಡೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಚಿಮಟದಲ್ಲಿ ಹಿಡಿದು ತೂತಿನ ಮೇಲಿಟ್ಟರೆ ಒಂದು ಸುತ್ತು ಕಚ್ಚಿಕೊಳ್ಳಬೇಕು, ಉಳಿದದ್ದನ್ನು ಸ್ಕ್ರೂ ತಿರುಗಿಸುವ ಕೀಲಿ ನೋಡಿಕೊಳ್ಳುತ್ತದೆ. ಆ ಒಂದು ಸುತ್ತು ಕಚ್ಚಲಿಲ್ಲ. ಇಪ್ಪತ್ತು ಸಲ, ಮೂವತ್ತು ಸಲ. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದು ನೋಡಿದ, ಎರಡೂ ಕೂಡಿ ನಡುಗಿದವು. ಕೊನೆಗೆ ಬಿರಡೆ ಟಿಂಗ್ ಎಂದು ಬಿದ್ದು ಸುರಂಗದ ಹೊಟ್ಟೆಯ ಕೆಳಗೆ ಎಲ್ಲೋ ಉರುಳಿತು. ಅವನು ಕೈ ಮೊಣಕಾಲು ಊರಿ, ಎಣ್ಣೆಯ ಜಿಡ್ಡಿನಲ್ಲಿ ತಡಕಾಡುತ್ತಿರುವಾಗ ಹಿಂದಿನಿಂದ ಡಾಕ್ಟರಮ್ಮನ ನಗು.

"ಸಾರ್, ಏನು ಹುಡುಕ್ತಿದೀರಾ ಅಲ್ಲಿ? ಒಳ್ಳೇ ಅಂಬೆಗಾಲು ಮಗು ಹಾಗೆ!"

"ಪೆನ್ನು," ಎಂದ.

"ನಂದು ತಗೊಳ್ಳಿ ಸಾರ್," ಎಂದು ಅವಳು ಪೆನ್ನು ಚಾಚಿದಳು. ಅದನ್ನು ತೆಗೆದುಕೊಳ್ಳಲು ಕೈ ಚಾಚಬೇಕಾಯಿತು. ಚಾಚಿದ. ಅವಳ ನಗು ನಿಂತಿತು. ಪೆನ್ನು ಅವನ ಬೆರಳಲ್ಲಿ ಕುಣಿಯಿತು. ಅವಳು ತಕ್ಷಣ ತಿರುಗಿ, ಏನೋ ಮರೆತವಳ ಹಾಗೆ ಹೋಗಿಬಿಟ್ಟಳು. ಸಂಜೆ ಅವಳಿಗೆ ಕೊಟ್ಟ ಚೀಟಿಯಲ್ಲಿ ಬರೆದಿದ್ದ: ಮುಚ್ಚಿದ ರನ್, ಎರಡು ಪಾಯಿಂಟ್ ಏಳು. ಅದು ಹಳೇ ಕೊಳವೆಯ ಅಂಕಿ. ಬರೆದದ್ದು ಅವಳ ಪೆನ್ನಿನಲ್ಲೇ. ಅಕ್ಷರ ಕೋಳಿ ಕೆದಕಿದ ಹಾಗಿತ್ತು.

ಬಸ್ಸು ಎಲ್ಲಿಯೋ ನಿಂತು ಯಾರೋ ಹತ್ತಿದರು, ಮುದುಕರು, ದಪ್ಪ ಕನ್ನಡಕ. ಅವನು ಎದ್ದು ಸೀಟು ಬಿಟ್ಟುಕೊಟ್ಟ. ಮೇಷ್ಟ್ರಂತೆಯೇ ಇದ್ದರು. ತೂಕ ನೇತುಹಾಕಲು ಕಲಿಸಿದ ಮೇಷ್ಟ್ರು, ಉಸಿರು ಬಿಗಿಹಿಡಿದು ನೇತುಹಾಕಬೇಕಯ್ಯ, ಮಗುವಿಗೆ ಕಣ್ಣಿಗೆ ಕಾಡಿಗೆ ಹಚ್ಚೋ ಹಾಗೆ, ಎನ್ನುತ್ತಿದ್ದವರು. ಕೊನೆಕೊನೆಗೆ ಮೇಷ್ಟ್ರಿಗೆ ಕಣ್ಣು ಮಂಜಾಗಿತ್ತು. ಸ್ಕೇಲಿನ ಗೆರೆ ಕಾಣದೆ ಅವರು ಸುಮ್ಮನೆ ಅಂಕಿ ಹೇಳುತ್ತಿದ್ದರು, ಇವನು ಬರೆದುಕೊಳ್ಳುತ್ತಿದ್ದ. ಒಂದು ದಿನ ಇವನು ಈಗ ಲ್ಯಾಬಿನ ಮುಖ್ಯಸ್ಥರಾಗಿರುವ ದೊಡ್ಡವರ ಬಳಿ, ಆಗ ಅವರು ಇನ್ನೂ ದೊಡ್ಡವರಾಗಿರಲಿಲ್ಲ, ಹೋಗಿ ಹೇಳಿದ: "ಮೇಷ್ಟ್ರು ಕಣ್ಣಿಂದ ಓದ್ತಿಲ್ಲ ಸಾರ್. ನೆನಪಿಂದ ಓದ್ತಿದಾರೆ." ಎಷ್ಟು ಚೆನ್ನಾಗಿ ಹೇಳಿದೆ ಎಂದು ಆವತ್ತು ಒಂದು ಕ್ಷಣ ಹೆಮ್ಮೆಯಾದದ್ದೂ ನೆನಪಿದೆ. ಮೇಷ್ಟ್ರನ್ನು ಸ್ಟೋರಿಗೆ ಹಾಕಿದರು, ನಟ್ಟು ಬೋಲ್ಟು ಎಣಿಸಲು. ಎಣಿಕೆಯಲ್ಲಿ ಅವರು ತಪ್ಪಿದ್ದೇ ಇಲ್ಲವಂತೆ, ಮುಟ್ಟಿ ಎಣಿಸುತ್ತಿದ್ದರಂತೆ. ಇವನು ಒಂದು ಸಲವೂ ಹೋಗಿ ನೋಡಲಿಲ್ಲ. ಬಸ್ಸಿನ ಮುದುಕರು "ಥ್ಯಾಂಕ್ಸಪ್ಪ" ಎಂದು ಅವನ ಮುಖ ನೋಡಿದರು. ಅವನು ಸರಳು ಹಿಡಿದು ಬೇರೆ ಕಡೆ ತಿರುಗಿದ. ಸರಳು ಹಿಡಿದಾಗ ಕೈ ನಡುಗುವುದಿಲ್ಲ.

ಗಾಳಿಯಣ್ಣ ಕಂಪ್ರೆಸರ್ ಕೋಣೆಯ ಬಾಗಿಲಲ್ಲೇ ಚಹಾ ಹಿಡಿದು ನಿಂತಿದ್ದ. ಕಂಪ್ರೆಸರಿನ ಸದ್ದಿನಲ್ಲೇ ಮೂವತ್ತು ವರ್ಷ ಕಳೆದವನಾದ್ದರಿಂದ ಗುಟ್ಟನ್ನೂ ಕೂಗಿಯೇ ಹೇಳುವ ಅಭ್ಯಾಸ.

"ಗುರುವೇ! ಬಂದಿದಾರೆ, ಹೊರಗಿಂದ ಒಬ್ಬ ಪರೀಕ್ಷಕರು. ನಕ್ಕರೆ ಎಲ್ಲಿ ಹಲ್ಲು ಉದುರುತ್ತೋ ಅನ್ನೋ ಹಾಗಿದಾರೆ. ಇನ್ನೊಂದು ಸುರಂಗದಲ್ಲಿ ಇದೇ ಜೆಟ್ಟು ಊದಿಸಿದ್ರಂತೆ. ಉಲ್ಟಾ ಬಂತಂತೆ. ಡಾಕ್ಟರಮ್ಮ ಗಾಳಿ ಸಹಾಯ ಮಾಡುತ್ತೆ ಅಂದಿದ್ರಲ್ಲ, ಅವರ ಪ್ರಕಾರ ಗಾಳಿ ತಿಂದು ತೇಗುತ್ತೆ!"

"ಗೊತ್ತು," ಎಂದ ತಕ್ಕಡಿ.

"ಪಾಪ, ಬೆಳಿಗ್ಗೆಯಿಂದ ಆಕೆ ಮುಖ ನೋಡೋಕಾಗ್ತಿಲ್ಲ. ನೀವಾದ್ರೂ ಏನಾದ್ರೂ ಹೇಳಿ ಮಾರಾಯ್ರೇ. ನಿಮ್ಮ ಮಾತು ದೊಡ್ಡವರು ಕೇಳ್ತಾರೆ." ಗಾಳಿಯಣ್ಣ ಚಹಾದ ಲೋಟ ಅವನ ಕಡೆ ಚಾಚಿದ. ತಕ್ಕಡಿ, ಬೇಡ, ಕುಡಿದು ಬಂದೆ, ಎಂದ. ಏಳು ತಿಂಗಳಿಂದ ಅವನು ಎಲ್ಲ ಕಡೆಯೂ ಕುಡಿದೇ ಬಂದವನಾಗಿದ್ದ.

ಅವನ ಕೋಣೆಯ ಬಾಗಿಲ ಬಳಿ ಡಾಕ್ಟರಮ್ಮ ಕಾಯುತ್ತಿದ್ದಳು. ಕಣ್ಣ ಸುತ್ತ ಕಪ್ಪು. ಕೈಯಲ್ಲಿ ರಿಪೋರ್ಟು, ಅದರ ಮೂಲೆಯನ್ನು ಮಡಚುವುದು, ಬಿಡಿಸುವುದು. "ಸಾರ್," ಎಂದಳು.

"ಹೇಳಮ್ಮ."

"ಮೀಟಿಂಗಲ್ಲಿ ಕೊಳವೆ ವಿಷಯ ಬಂದ್ರೆ ನಾನು ಮಾತಾಡ್ತೀನಿ ಸಾರ್. ನೀವೇನೂ ಹೇಳ್ಬೇಡಿ. ನೀವು ಸುಮ್ನಿದ್ರೆ ಸಾಕು."

ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಸುಮ್ನಿದ್ರೆ ಸಾಕು. ಇವಳಿಗೆ ಬ್ಯಾಲೆನ್ಸ್ ಅಂದರೆ ಏನೆಂದು ತೋರಿಸಿಕೊಟ್ಟವನು ತಾನು. ಮೊದಲ ಸಲ ತೂಕ ನೇತುಹಾಕುವಾಗ ಇವಳು ಕೆಮ್ಮಿ, ಇಡೀ ದಿನದ ಕೆಲಸ ಹಾಳಾದಾಗ, ಹೋಗಲಿ ಬಿಡಮ್ಮ ಎಂದವನು ತಾನು. ಈಗ ಇವಳ ಮುಂದೆ ತಾನು ನೆಂಟರು ಬಂದಾಗ ಒಳಕೋಣೆಯಲ್ಲಿ ಕೂರಿಸುವ ಮುದಿ ಅಜ್ಜ. ಇಲ್ಲ, ಹೇಳುತ್ತೇನೆ, ಅದನ್ನೇ ಹೇಳುತ್ತೇನೆ, ಇವಳ ತಪ್ಪಲ್ಲ ಎಂದು ಎಲ್ಲರ ಮುಂದೆ ಹೇಳಿ ಇವಳ ತಲೆ ತಗ್ಗಿಸುತ್ತೇನೆ ಎಂದುಕೊಂಡ. ಹಾಗೆ ಅಂದುಕೊಂಡದ್ದರ ವಿಚಿತ್ರ ಅವನಿಗೆ ಆಗ ತಿಳಿಯಲಿಲ್ಲ. "ನೋಡೋಣ," ಎಂದ.

ಮೀಟಿಂಗಿನ ಕೋಣೆಯಲ್ಲಿ ಉದ್ದನೆಯ ಮೇಜು, ನಾಲ್ಕು ನೀರಿನ ಬಾಟಲಿ. ಬಾಟಲಿಯ ಮುಚ್ಚಳ ತನ್ನಿಂದ ತೆಗೆಯಲಾಗದು ಎಂದು ಅವನು ಮೊದಲೇ ಲೆಕ್ಕ ಹಾಕಿ ನೀರು ದೂರ ಸರಿಸಿದ. ದೊಡ್ಡವರು ಎಂದಿನಂತೆ ನಗುತ್ತಿದ್ದರು. ಯಾರನ್ನು ಮುಗಿಸುವಾಗಲೂ ಅವರು ನಗುವುದು ಬಿಟ್ಟವರಲ್ಲ. ಪರೀಕ್ಷಕರು ಒಂದೊಂದೇ ಹಾಳೆ ತಿರುಗಿಸುತ್ತಿದ್ದರು. ಗೋಡೆಯ ಮೇಲೆ ಡಾಕ್ಟರಮ್ಮ ತೋರಿಸುತ್ತಿದ್ದ ಚಿತ್ರ: ಬೂದು ಬೆಳಕಿನಲ್ಲಿ ಮಾದರಿಯ ಕಪ್ಪು ನೆರಳು, ಪಕ್ಕೆಯಿಂದ ಚಿಮ್ಮಿದ ಜೆಟ್ಟು ಹೊಗೆಯ ಗರಿಯ ಹಾಗೆ, ಅದರ ಮುಂದೆ ಗಾಳಿ ಗುಡ್ಡೆಗಟ್ಟಿದ ಕಪ್ಪು ಗೆರೆ. ಅವಳ ದನಿ ಸರಿಯಾಗಿಯೇ ಇತ್ತು. ಸುರಂಗದಲ್ಲಿ ಬಂದ ಒಟ್ಟು ಬಲ ಇಪ್ಪತ್ತೊಂದು ಪಾಯಿಂಟ್ ಒಂಬತ್ತು. ಕೊಳವೆಯ ಪಾಲು ಕಳೆದ ಮೇಲೂ ಇಪ್ಪತ್ತಕ್ಕಿಂತ ಹೆಚ್ಚು. ಆದ್ದರಿಂದ ಬಿರುಗಾಳಿ ಜೆಟ್ಟಿಗೆ ಸಹಾಯ ಮಾಡುತ್ತದೆ.

ತಕ್ಕಡಿ ಕಿವಿಗೊಟ್ಟು ಕೇಳುತ್ತಿದ್ದರೆ ಅಲ್ಲೇ ತಿಳಿಯಬೇಕಿತ್ತು. ಇಪ್ಪತ್ತೊಂದು ಪಾಯಿಂಟ್ ಒಂಬತ್ತರಲ್ಲಿ ಎರಡು ಪಾಯಿಂಟ್ ಏಳು ಕಳೆದರೆ ಇಪ್ಪತ್ತರ ಮೇಲೆ ಉಳಿಯುವುದಿಲ್ಲ. ಶಾಲೆಯ ಹುಡುಗನಿಗೂ ಬರುವ ಲೆಕ್ಕ. ಆದರೆ ಅವನು ತನ್ನ ಮೂರು ವಾಕ್ಯಗಳನ್ನು ಬಾಯಲ್ಲಿ ಹೊರಳಿಸುತ್ತಿದ್ದ.

"ನಮ್ಮ ಸುರಂಗದಲ್ಲಿ ಹತ್ತೊಂಬತ್ತು ಬಂದಿದೆ," ಎಂದರು ಪರೀಕ್ಷಕರು. "ಗಾಳಿ ತಿಂತಾ ಇದೆ, ಕೊಡ್ತಾ ಇಲ್ಲ. ವ್ಯತ್ಯಾಸ ಸಣ್ಣದಲ್ಲ ಇದು. ನಿಮ್ಮ ಕೊಳವೆ ಪಾಲು ಅಳೆದದ್ದಾ?"

ಡಾಕ್ಟರಮ್ಮ ರಿಪೋರ್ಟಿನ ಮೂಲೆ ಮಡಚಿದಳು. "ಹೌದು ಸಾರ್. ಅಳೆದದ್ದು."

"ಯಾರು ಅಳೆದ್ರು?"

ಅವಳು ತಕ್ಕಡಿಯ ಕಡೆ ನೋಡಿದಳು. ಎಷ್ಟು ಹೊತ್ತು ನೋಡಿದಳೋ, ಒಂದು ಸೆಕೆಂಡು ಇರಬಹುದು, ಐದು ನಡುಕದಷ್ಟು ಹೊತ್ತು. ಆ ನೋಟದಲ್ಲಿ ಇದ್ದದ್ದು ಸುಮ್ಮನಿರಿ ಎಂಬ ಬೇಡಿಕೆ ಎಂದು ಅವನಿಗೆ ಗೊತ್ತಾದದ್ದು ಆಮೇಲೆ. ಆಗ ಅವನಿಗೆ ಅದು ಬೆರಳು ಮಾಡಿ ತೋರಿಸಿದ ಹಾಗೆ ಕಂಡಿತು. ಓಹೋ, ಸುಮ್ನಿದ್ರೆ ಸಾಕು ಅಂದದ್ದು ಇದಕ್ಕೆ, ನನ್ನ ತಲೆಗೇ ಕಟ್ಟೋದಕ್ಕೆ. ಕುರ್ಚಿ ಕಿರ್ರೆಂದಿತು. ಅವನು ಎದ್ದು ನಿಂತಿದ್ದ.

"ಅಳೆಯಲಿಲ್ಲ ಸಾರ್," ಎಂದ. "ನಾನು ಅಳೆಯಲಿಲ್ಲ. ಹೊಸ ಕೊಳವೆ ಹಾಕಿದ ಮೇಲೆ ಮುಚ್ಚಿದ ರನ್ ಮಾಡಲೇ ಇಲ್ಲ. ಹಳೇ ಕೊಳವೆಯ ಅಂಕಿ ಬರೆದುಕೊಟ್ಟೆ. ಎರಡು ಪಾಯಿಂಟ್ ಏಳು. ತಪ್ಪು ನಂದು, ಡಾಕ್ಟರಮ್ಮಂದಲ್ಲ."

ಬಸ್ಸಿನಲ್ಲಿ ಕಂಡ ಹಾಗೆಯೇ ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ಅವನ ಎದೆಯಲ್ಲಿ ಬೆಚ್ಚಗಾಯಿತು. ದೊಡ್ಡವರು ಮಾತ್ರ ರಿಪೋರ್ಟಿನ ಹಾಳೆ ಹಿಂದಕ್ಕೆ ತಿರುಗಿಸಿ, ಬೆರಳಿಟ್ಟು, ಕನ್ನಡಕ ಸರಿಮಾಡಿಕೊಂಡು ಓದಿದರು.

"ಎರಡು ಪಾಯಿಂಟ್ ಏಳಾ?" ಎಂದರು. "ಇಲ್ಲಿ ಸೊನ್ನೆ ಪಾಯಿಂಟ್ ನಾಲ್ಕು ಅಂತಿದೆಯಲ್ರೀ?"

ಡಾಕ್ಟರಮ್ಮ ಕಣ್ಣು ಮುಚ್ಚಿದಳು, ಹಲ್ಲಿನ ನೋವು ಬಂದವಳ ಹಾಗೆ.

"ಸೊನ್ನೆ ಪಾಯಿಂಟ್ ನಾಲ್ಕು ಎಲ್ಲಿಂದ ಬಂತು?" ಪರೀಕ್ಷಕರು ಕೇಳಿದರು.

"ಕಂಪ್ಯೂಟರಲ್ಲಿ ಲೆಕ್ಕ ಹಾಕಿದ್ದು ಸಾರ್. ಕೊಳವೆಯ ಆಕಾರ ಕೊಟ್ಟು."

"ಅಳೆದದ್ದು ಅಂತ ಬರೆದಿದೀರಿ."

"ಹೌದು ಸಾರ್."

"ಅವರು ಕೊಟ್ಟ ಅಂಕಿ ಇತ್ತಲ್ಲ ನಿಮ್ಮ ಹತ್ರ. ಅದನ್ನ ಯಾಕೆ ಬಿಟ್ರಿ? ಅದರ ಮೇಲೆ ಅನುಮಾನ ಇದ್ರೆ ಇನ್ನೊಂದ್ಸಲ ಅಳೀರಿ ಅಂತ ಯಾಕೆ ಹೇಳ್ಲಿಲ್ಲ?"

ಈಗ ಅವಳು ತಕ್ಕಡಿಯ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ಅವನ ಕೈಗಳನ್ನು ನೋಡಿದಳು. ಅವನು ನೋಡಿದ. ಎರಡೂ ಕೈ ಮೇಜಿನ ಹೊಳಪಿನ ಮೇಲೆ, ಯಾರದೋ ಕೈಗಳಂತೆ, ಸಣ್ಣಗೆ ಕುಣಿಯುತ್ತಿದ್ದವು. ತಟ್ಟನೆ ಕೆಳಗೆಳೆದುಕೊಂಡ. ಆಗ ಒಮ್ಮೆಲೇ, ಯಾರೋ ದೀಪ ಹಾಕಿದ ಹಾಗೆ, ಎಲ್ಲ ಕಂಡಿತು. ಇವಳಿಗೆ ಆವತ್ತೇ ಗೊತ್ತಿತ್ತು. ಪೆನ್ನು ಕೊಟ್ಟ ದಿನವೇ. ಇನ್ನೊಂದು ಸಲ ಅಳೀರಿ ಎಂದಿದ್ದರೆ ಇವನ ಕೈಯ ಗುಟ್ಟು ಬಯಲಾಗುತ್ತಿತ್ತು. ಅಳೆಯಲು ಆಗಲಿಲ್ಲ ಎಂದು ಬರೆದಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡು, ಕಂಪ್ಯೂಟರಿನ ಅಂಕಿ ಹಾಕಿ, ಅಳೆದದ್ದು ಎಂದು ಬರೆದು, ಏಳು ತಿಂಗಳು ಇವನಿಗೂ ಹೇಳದೆ ಇವನನ್ನು ಕಾಪಾಡಿದ್ದಳು. ನೀವು ಸುಮ್ನಿದ್ರೆ ಸಾಕು.

"ಯಾಕಮ್ಮಾ?" ದೊಡ್ಡವರು ನಗುತ್ತಲೇ ಕೇಳಿದರು.

"ಟೈಮ್ ಇರ್ಲಿಲ್ಲ ಸಾರ್," ಎಂದಳು.

ಈಗ ಹೇಳಬಹುದಿತ್ತು. ಇನ್ನೊಂದೇ ವಾಕ್ಯ. ನನ್ನ ಕೈ ನಡುಗುತ್ತೆ ಸಾರ್, ಅದನ್ನ ಮುಚ್ಚೋದಕ್ಕೆ ಮಾಡಿದಳು. ಮೂರು ವಾಕ್ಯಕ್ಕೆ ಏಳು ತಿಂಗಳು ಅಭ್ಯಾಸ ಮಾಡಿದ್ದ. ಈ ನಾಲ್ಕನೆಯದಕ್ಕೆ ಅಭ್ಯಾಸವಿರಲಿಲ್ಲ. ನಾಲಿಗೆ ಎತ್ತಿದರೆ ಕಣ್ಣ ಮುಂದೆ ಸ್ಟೋರಿನ ಕತ್ತಲೆ, ನಟ್ಟುಗಳ ಡಬ್ಬಿ, ಮುಟ್ಟಿ ಎಣಿಸುವ ಮೇಷ್ಟ್ರ ಬೆರಳು. ಯಾರಾದರೂ ಕೇಳಲಿ, ನನ್ನನ್ನು ಕೇಳಿದರೆ ಹೇಳುತ್ತೇನೆ, ಎಂದು ತನಗೆ ತಾನೇ ಮಾತು ಕೊಟ್ಟುಕೊಂಡು ನಿಂತಿದ್ದ. ಯಾರೂ ಅವನನ್ನು ಕೇಳಲಿಲ್ಲ. "ಕೂತ್ಕೊಳ್ರೀ," ಎಂದರು ದೊಡ್ಡವರು. ಕೂತ.

"ಇಷ್ಟೆಲ್ಲ ಮಾತ್ಯಾಕೆ," ಎಂದರು ಪರೀಕ್ಷಕರು. "ಮಾದರಿ ಸುರಂಗದಲ್ಲೇ ಇದೆಯಲ್ಲ? ಕೊಳವೆಯೂ ಅದೇ. ಈಗ್ಲೇ ಬಾಯಿ ಮುಚ್ಚಿ ಒತ್ತಡ ಕೊಡಿ. ಹತ್ತು ನಿಮಿಷದ ಕೆಲಸ."

ಎಲ್ಲರೂ ಇಳಿದು ಸುರಂಗದ ಹಾಲಿಗೆ ಬಂದರು. ಗಾಳಿಯಣ್ಣ ಮುಖ ಸಪ್ಪಗೆ ಮಾಡಿಕೊಂಡು ವಾಲ್ವಿನ ಬಳಿ ನಿಂತ. ಸುರಂಗದ ಪಕ್ಕದ ಬಾಗಿಲು ತೆರೆದಿತ್ತು. ಒಳಗೆ ಮಾದರಿ, ತಣ್ಣಗೆ, ಪಕ್ಕೆಯ ತೂತು ತೆರೆದುಕೊಂಡು. ದೊಡ್ಡವರು ಬಿರಡೆಯ ಡಬ್ಬಿಯನ್ನು ತಕ್ಕಡಿಯ ಕಡೆ ಚಾಚಿದರು. ಅವನು ನೋಡಿದ, ಕೈ ಎತ್ತಲಿಲ್ಲ.

"ನಾನು ಹಾಕ್ತೀನಿ ಸಾರ್," ಎಂದು ಡಾಕ್ಟರಮ್ಮ ಡಬ್ಬಿ ತೆಗೆದುಕೊಂಡಳು. "ಅವರೇ ಕಲಿಸಿದ್ದು. ಸರಿಯಾಗಿ ಹಾಕ್ತೀನೋ ಇಲ್ವೋ ಅವರು ನೋಡ್ಲಿ."

ಚಿಮಟದಲ್ಲಿ ಬಿರಡೆ ಹಿಡಿದಳು. ಉಸಿರು ಬಿಗಿಹಿಡಿದಳು, ಮಗುವಿಗೆ ಕಾಡಿಗೆ ಹಚ್ಚುವ ಹಾಗೆ. ಒಂದೇ ಸಲಕ್ಕೆ ಕಚ್ಚಿತು. ಕೀಲಿ ಹಾಕಿ ನಾಲ್ಕು ಸುತ್ತು, ಸಣ್ಣದೊಂದು ಬಿಗಿ. ಎಷ್ಟು ಚೆನ್ನಾಗಿ ಹಾಕಿದಳು ಎಂದುಕೊಂಡ ತಕ್ಕಡಿ. ತನ್ನ ಕುತ್ತಿಗೆಗೆ ತಾನೇ ಅಷ್ಟು ಅಚ್ಚುಕಟ್ಟಾಗಿ ಯಾರಾದರೂ ಉರುಳು ಬಿಗಿದುಕೊಳ್ಳುತ್ತಾರೆಯೇ? ಗಾಳಿಯಣ್ಣ ವಾಲ್ವ್ ತಿರುಗಿಸಿದ. ಕೊಳವೆಯೊಳಗೆ ಹಿಸ್ಸೆಂದು ಒತ್ತಡ ಏರಿತು. ಎಲ್ಲರೂ ಪರದೆಯ ಮುಂದೆ ಬಾಗಿದರು. ಹಸಿರು ಗೆರೆ ಸೊನ್ನೆಯಲ್ಲಿ ಮಲಗಿದ್ದದ್ದು ಎದ್ದಿತು. ಸೊನ್ನೆ ಪಾಯಿಂಟ್ ನಾಲ್ಕು ದಾಟಿತು. ಒಂದು ದಾಟಿತು. ಎರಡು ದಾಟಿತು. ಒತ್ತಡದ ಮುಳ್ಳು ನಿಂತಲ್ಲಿ ಅದೂ ನಿಂತಿತು.

"ಎರಡು ಪಾಯಿಂಟ್ ಆರು ಎಂಟು," ಪರೀಕ್ಷಕರು ಓದಿದರು. "ಎರಡು ಪಾಯಿಂಟ್ ಏಳು ಅನ್ನಿ."

ತಕ್ಕಡಿಯ ಮೈಯೆಲ್ಲ ಒಂದು ಸಲ ಝುಂ ಎಂದಿತು. ಏನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಸಂತೋಷ. ಬರೀ ಸಂತೋಷ, ಪರೀಕ್ಷೆಯಲ್ಲಿ ಪಾಸಾದ ಹುಡುಗನ ಸಂತೋಷ. ಅದೇ ಅಚ್ಚು, ಅದೇ ತೋಳು, ಅದೇ ಬಗ್ಗು. ಹೊಸ ಕೊಳವೆಯೂ ಹಳೆಯದರ ಅಂಕಿಯನ್ನೇ ಹೇಳಿತ್ತು. ತಾನು ಸುಳ್ಳು ಬರೆದಿರಲಿಲ್ಲ, ಅಥವಾ ಬರೆದ ಸುಳ್ಳು ನಿಜವಾಗಿತ್ತು, ಎರಡೂ ಒಂದೇ. ಅವನು ನಗುತ್ತಿದ್ದ. ನಗುವುದು ಬೇಡ ಎಂದು ಮುಖಕ್ಕೆ ಹೇಳಿದ; ಮುಖ ಕೇಳಲಿಲ್ಲ. ಪರದೆಯ ಗಾಜಿನಲ್ಲಿ ಅವನ ನಗುವಿನ ಪಕ್ಕದಲ್ಲೇ ಡಾಕ್ಟರಮ್ಮನ ಮುಖ ಕಾಣುತ್ತಿತ್ತು. ಅವಳು ಅವನ ನಗುವನ್ನೇ ನೋಡುತ್ತಿದ್ದಳು.

"ನೋಡಿದ್ರಾ!" ದೊಡ್ಡವರು ಅವನ ಬೆನ್ನು ತಟ್ಟಿದರು. "ಅಳೆಯದೇನೇ ಸರಿಯಾಗಿ ಹೇಳಿದಾರೆ. ಅನುಭವ ಅಂದ್ರೆ ಇದು. ಕಂಪ್ಯೂಟರಿಗೆ ಎಲ್ಲಿಂದ ಬರ್ಬೇಕು?" ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, ಅದೇ ನಗುವಿನಲ್ಲಿ, "ನಿಮಗೆ ಕೊಟ್ಟ ಚೀಟಿಯಲ್ಲಿ ಸರಿಯಾದ ಅಂಕಿ ಇತ್ತು. ಅದನ್ನ ತೆಗೆದು ತಪ್ಪು ಅಂಕಿ ಹಾಕಿ, ಅಳೆದದ್ದು ಅಂತ ಬರೆದ್ರಿ. ನಾನೇನು ಮಾಡ್ಲಿ ಹೇಳಿ? ಈ ತಿಂಗಳ ಕೊನೇವರೆಗೂ ಬನ್ನಿ. ಆಮೇಲೆ ಬೇಡ."

"ಸರಿ ಸಾರ್," ಎಂದಳು.

ಗಾಳಿಯಣ್ಣ ಒತ್ತಡ ಇಳಿಸಿದ. ಹಸಿರು ಗೆರೆ ಸೊನ್ನೆಗೆ ಬಂದು ಮಲಗಿತು. ದೊಡ್ಡವರು, ಪರೀಕ್ಷಕರು ಮಾತಾಡಿಕೊಂಡು ಮೇಲೆ ಹೋದರು. ಹೋಗುತ್ತ ಪರೀಕ್ಷಕರು, ಇಂಥವರು ಈಗ ಸಿಗೋದಿಲ್ಲ ಸಾರ್, ಎಂದು ತನ್ನ ಬಗ್ಗೆಯೇ ಹೇಳಿದ್ದು ತಕ್ಕಡಿಗೆ ಕೇಳಿಸಿತು. ಕೇಳಿಸಿದ್ದನ್ನು ಹೆಂಡತಿಗೆ ಹೇಗೆ ಹೇಳುವುದು ಎಂದು ಮನಸ್ಸು ಆಗಲೇ ಜೋಡಿಸಿಕೊಳ್ಳುತ್ತಿತ್ತು. ಇವತ್ತು ಬಾಯಿ ಬಿಟ್ಟು ಮಾತಾಡಿದೆ ಕಣೇ. ಅವಳು, ಅಬ್ಬಾ, ಎನ್ನುತ್ತಾಳೆ. ಆಮೇಲೆ, ಆ ಹುಡುಗಿ ಏನಾದ್ಲು, ಎನ್ನುತ್ತಾಳೆ. ಅಲ್ಲಿಗೆ ಬಂದು ಜೋಡಣೆ ತಪ್ಪಿತು.

ಡಾಕ್ಟರಮ್ಮ ಬಿರಡೆ ಬಿಚ್ಚಿ ಡಬ್ಬಿಗೆ ಹಾಕಿ, ಡಬ್ಬಿ ಮುಚ್ಚಿ, ಅದರ ಜಾಗದಲ್ಲೇ ಇಟ್ಟಳು. ಹೋಗುವವಳು ಎಂದು ಯಾವುದನ್ನೂ ಅಸಡ್ಡೆಯಿಂದ ಬಿಡಲಿಲ್ಲ. ಆಮೇಲೆ ತನ್ನ ಚೀಲದ ಸಣ್ಣ ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದು ಬಿಡಿಸಿದಳು.

"ಸಾರ್," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಆವತ್ತು ನಿಮ್ಮ ಪೆನ್ನು ಬಿದ್ದಿತ್ತಲ್ಲ. ಸಿಕ್ಕಿತ್ತು ನಂಗೆ, ಸಂಜೆ. ಕೊಡೋದು ಮರ್ತೇಬಿಟ್ಟಿದ್ದೆ."

ಅವನ ಅಂಗೈ ಹಿಡಿದು ಬಿಡಿಸಿ, ಕಾಗದದೊಳಗಿದ್ದ, ಆವತ್ತು ಉರುಳಿಹೋಗಿದ್ದ ಆ ಅಕ್ಕಿಕಾಳಿನಂಥ ಬಿರಡೆಯನ್ನು ನಡುವೆ ಇಟ್ಟಳು. ಎಣ್ಣೆ ಒರೆಸಿ ಇಟ್ಟಿದ್ದಳು, ಹೊಳೆಯುತ್ತಿತ್ತು. ಅವಳ ಬೆರಳು ತಣ್ಣಗಿದ್ದವು, ಅಲುಗುತ್ತಿರಲಿಲ್ಲ. ಅವಳು ಕೈ ಬಿಟ್ಟೊಡನೆ ಬಿರಡೆ ಅವನ ಅಂಗೈಯಲ್ಲಿ ಕುಣಿಯತೊಡಗಿತು. ಮುಷ್ಟಿ ಮುಚ್ಚಬೇಕು ಎಂದುಕೊಂಡ. ಮುಚ್ಚುವಷ್ಟರಲ್ಲಿ ಅದು ಬೆರಳ ಸಂದಿಯಿಂದ ಹಾರಿ ಟಿಂಗ್ ಎಂದಿತು. ಅವಳು ಬಾಗಿಲ ಬಳಿ ಇದ್ದಳು, ತಿರುಗಲಿಲ್ಲ.

"ಏನೋ ಬಿತ್ತಲ್ಲ ಗುರುವೇ?" ವಾಲ್ವಿನ ಬಳಿಯಿಂದ ಗಾಳಿಯಣ್ಣ ಕೂಗಿದ.

"ಏನಿಲ್ಲ," ಎಂದ ತಕ್ಕಡಿ.

ಬಿರಡೆ ಉರುಳಿ ಬಂದು ಅವನ ಬೂಟಿನ ಮುಂದೆಯೇ ನಿಂತಿತ್ತು. ಅವನು ಬಗ್ಗಲಿಲ್ಲ. ಬೂಟನ್ನು ಎತ್ತಿ ಅದರ ಮೇಲಿಟ್ಟು, ಗಾಳಿಯಣ್ಣ ದೀಪ ಆರಿಸಿ ಹೊರಗೆ ಹೋಗುವವರೆಗೂ ಒತ್ತಿ ಹಿಡಿದು ನಿಂತ. ಕಾಲು ನಡುಗಲಿಲ್ಲ.